ಜಯಸಿಂಹರ ರಿಯಾಯಿತಿ ಚಿಂತೆ

ನಮ್ಮ ಜಯನಗರದ ಜಯಸಿಂಹರಿಗೆ ತಮ್ಮ ಹಳೆಯ ಫಿಯೆಟ್ಟಿಗಿಂತ ಅದರ ಚಿಂತೆಯೇ ದೊಡ್ಡದು. ತಿಲಕ್ ನಗರದಲ್ಲಿ ಕಾರಿನ ಸಾಮಾನು ಮಾರುವ ಚಲುವರಾಜು ತನ್ನ ಅಂಗಡಿಗೆ ‘ರಿಯಾಯಿತಿ’ ಎಂಬ ಬೋರ್ಡು ತೂಗುಹಾಕಿದ ದಿನ ಅವರಿಗೆ ತಿಂಡಿ ಸೇರುವುದಿಲ್ಲ. ಹೋಗುವಷ್ಟರಲ್ಲಿ ಎಲ್ಲ ಮುಗಿದುಹೋಗಿದ್ದರೆ? ಸಿಕ್ಕಿದರಂತೂ ಇನ್ನೂ ಕಷ್ಟ. “ಇಷ್ಟು ಕಮ್ಮಿಗೆ ಯಾಕಪ್ಪಾ ಕೊಡ್ತೀಯ? ಏನಾದ್ರೂ ಬೆರೆಸಿದ್ದಾರಾ?” ಎನ್ನುತ್ತ, ಬೆಣ್ಣೆ ಕಾಸಿದ ತುಪ್ಪ ಕೊಳ್ಳುವವರಂತೆ ಎಂಜಿನ್ ಆಯಿಲನ್ನು ಮುಂಗೈಗೆ ಸವರಿ ತಿಕ್ಕುತ್ತಾರೆ, ಮೂಸುತ್ತಾರೆ, ಅಂಗಡಿಗೆ ಬಂದ ಅಪರಿಚಿತರಿಗೂ ಕೈಚಾಚಿ “ನೀವೊಂಚೂರು ನೋಡಿ ಸಾರ್” ಎನ್ನುತ್ತಾರೆ. ಅಗ್ಗದ ಪಾಲಿಶು ಕಾರಿನ ಬಣ್ಣ ತಿಂದೀತೆಂದು ಮೊದಲು ಮನೆಯ ಕಬ್ಬಿಣದ ಬೀರುವಿಗೆ ಬಳಿದು ಒಂದು ವಾರ ಕಾಯುತ್ತಾರೆ. ಹೀಗಾಗಿ ಬೀರು ಕಾರಿಗಿಂತ ಹೊಳೆಯುತ್ತದೆ. “ಬೀರೂನೇ ಓಡಿಸ್ಕೊಂಡು ಹೋಗಿ” ಎನ್ನುವುದು ಹೆಂಡತಿ ವಾರಿಜಾರ ದಿನನಿತ್ಯದ ಮಾತು. ಮೊನ್ನೆ ಜಯಸಿಂಹರು ಅಂಗಡಿಗೆ ಹೋಗಿ ಬ್ರೇಕ್ ಆಯಿಲ್ ಕೇಳಿದರು. “ರಿಯಾಯಿತೀದೇ ಇದೆ ಸಾರ್, ಮೂಸಿ ನೋಡಿ” ಎಂದು ಚಲುವರಾಜು ಡಬ್ಬಿಯ ಮುಚ್ಚಳ ತೆಗೆಯಹೋದ. ಜಯಸಿಂಹರು ಅವನ ಕೈ ಹಿಡಿದುಕೊಂಡರು. “ಅದು ಬೇಡ ಕಣಪ್ಪಾ, ಪೂರ್ತಿ ಬೆಲೇದೇ ಕೊಡು. ನಾಳೆಯಿಂದ ನನ್ನ ಮಗಳು ಗಾಡಿ ಓಡಿಸ್ತಾಳೆ.”