ಗಾಜಿನ ಮೇಲಿನ ಭಂಡಾರ

ಮೊನ್ನೆ ನಿಪ್ಪಾಣಿಯ ಬೇಕರಿಯೊಂದರ ಕತ್ತಲ ಮೂಲೆಯಲ್ಲಿ, ನೊಣ ಕೊಲ್ಲುವ ನೀಲಿ ದೀಪದ ಕೆಳಗೆ ಬ್ರೆಡ್ಡಿಗೆಂದು ಕೈ ಚಾಚಿದೆ. ಬೆಳಿಗ್ಗೆ ಒಗ್ಗರಣೆಗೆ ಹಾಕಿದ್ದ ಅರಿಶಿನ, ಸೋಪು ಹಚ್ಚಿ ತೊಳೆದಿದ್ದರೂ, ಬೆರಳ ತುದಿಗಳಲ್ಲಿ ಹಸಿರಾಗಿ ಹೊಳೆಯಿತು. ನಿಂತಲ್ಲೇ ನಿಂತುಬಿಟ್ಟೆ... ಕರೋಶಿಯ ಆ ಕುರಿ ಕಾಯುವ ಕಾಕಾ ನೆನಪಾದರು.

ಎಂಬತ್ತರ ದಶಕದ ಕೊನೆ. ಚಿಕ್ಕೋಡಿಯಲ್ಲಿ ಜಾನುವಾರು ರೋಗ ಪರೀಕ್ಷಿಸುವ ಸಣ್ಣ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಸತ್ತ ನಾಯಿಯ ಮೆದುಳಿನ ತುಣುಕನ್ನು ಗಾಜಿಗೆ ಒತ್ತಿ, ಹೊಳೆಯುವ ಬಣ್ಣ ಕೂಡಿಸಿದ ಆಂಟಿಬಾಡಿ ಹನಿಸುತ್ತಿದ್ದೆವು. ಹುಚ್ಚುನಾಯಿ ರೋಗದ ವೈರಸ್ಸಿನ ಪ್ರೋಟೀನ್ ಎಲ್ಲೆಲ್ಲಿದೆಯೋ ಅಲ್ಲಷ್ಟೇ ಅದು ಅಂಟುತ್ತಿತ್ತು. ಮೈಕ್ರೋಸ್ಕೋಪಿನ ನೀಲಿ ಬೆಳಕಿನಲ್ಲಿ, ಕಪ್ಪಿನ ನಡುವೆ ಹಸಿರು ಚುಕ್ಕೆಗಳು. ಸೋ ಬ್ಯೂಟಿಫುಲ್... ನೋಡುತ್ತಿರುವುದು ಸಾವು ಎಂಬುದೇ ಮರೆತುಹೋಗುತ್ತಿತ್ತು.

ಕಾಕಾ ತಮ್ಮ ನಾಯಿಯ ತಲೆಯನ್ನು ಐಸ್‌ಕ್ಯಾಂಡಿ ಡಬ್ಬಿಯಲ್ಲಿಟ್ಟು ತಂದಿದ್ದರು. ಆ ನಾಯಿ ಅವರ ಬಸುರಿ ಸೊಸೆಯನ್ನು ಕಚ್ಚಿತ್ತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿದರೆ ಕೂಸಿಗೆ ಏನಾದೀತೋ ಎಂದು ಹೆದರಿ, ಮನೆಯವರು ರಿಪೋರ್ಟಿಗಾಗಿ ಕಾಯುತ್ತಿದ್ದರು.

ನೋಡಿದೆ. ಚುಕ್ಕೆಗಳಲ್ಲ, ಇಡೀ ಗಾಜೇ ಹಸಿರು. ತಲೆಗೆ ಏನು ಹಾಕಿದ್ದಿರಿ ಎಂದು ಕೇಳಿದೆ.

“ಭಂಡಾರ ತುಂಬೇನ್ರಿ ಅಕ್ಕಾರ. ಒಂಬತ್ತ ವರ್ಷ ಕುರಿ ಕಾದೈತಿ. ದೇವರ ಅರಿಶಿಣ ಹಾಕದ ಹೆಂಗ ಕಳಸೂದ್ರಿ?”

ಅರಿಶಿನವೂ ಆ ಬೆಳಕಿನಲ್ಲಿ ಹಸಿರಾಗಿಯೇ ಹೊಳೆಯುತ್ತದೆ. ನಾಯಿಯನ್ನು ಬಡಿದು ಕೊಂದಾಗ ಒಡೆದ ಬುರುಡೆಯೊಳಗೆಲ್ಲ ಇಳಿದುಬಿಟ್ಟಿತ್ತು. ಇನ್ನೊಂದು ತುಣುಕು ತೆಗೆದೆ, ಮತ್ತೊಂದು... ಅದೇ.

“ಹಂಗಾರ ಹುಚ್ಚ ಇತ್ತೋ, ಇಲ್ಲೋ?”

ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಒಂದೇ, ನೆವರ್ ಟೆಲ್ ಎ ಲೈ. “ಹೇಳಾಕ ಬರೂದಿಲ್ರಿ ಕಾಕಾ,” ಎಂದೆ. ಇಂಜೆಕ್ಷನ್ ಮಾತ್ರ ಕೊಡಿಸಿಬಿಡಿ ಎಂದೂ ಹೇಳಿದೆ. ಅಷ್ಟರಲ್ಲಿ ಅವರ ಮುಖ ಹಗುರಾಗಿತ್ತು. ಹುಚ್ಚಿತ್ತು ಎಂದು ನಾನು ಹೇಳಲಿಲ್ಲವಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಎರಡು ತಿಂಗಳಿಗೆ ಮತ್ತೆ ಬಂದರು. ಇಂಜೆಕ್ಷನ್ ಕೊಡಿಸಿರಲಿಲ್ಲ. ಸೊಸೆ ಕೊನೆಕೊನೆಗೆ ನೀರಿನ ತಂಬಿಗೆ ಕಂಡರೆ ಬೆಚ್ಚುತ್ತಿದ್ದಳಂತೆ... ಕೂಸೂ ಉಳಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀವು ಇದ್ದದ್ದ ಇದ್ದಂಗ ಹೇಳಿದ್ರಿ,” ಎಂದು ನನ್ನ ಅಂಗೈಗೆ ಒಂದು ಚಿಟಿಕೆ ಭಂಡಾರ ಹಾಕಿ ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಹುಚ್ಚಿತ್ತು ಎಂದು ಒಂದೇ ಒಂದು ಸುಳ್ಳು ಬರೆದಿದ್ದರೆ...

“ಏನ್ ಬೇಕ್ರಿ ಆಯಿ?” ಎಂದು ಬೇಕರಿಯಾಕೆ ಎರಡನೇ ಸಲ ಕೇಳುತ್ತಿದ್ದಳು. ಏನೂ ಕೊಳ್ಳದೆ ಹೊರಗೆ ಬಂದು ಬಿಸಿಲಿಗೆ ಕೈ ಹಿಡಿದು ನೋಡಿಕೊಂಡೆ. ಬೆರಳುಗಳಲ್ಲಿ ಏನೂ ಕಾಣಲಿಲ್ಲ.