ಒದ್ದೆ ಬಟ್ಟೆಯ ಓಟ

ಆಗಿನ್ನೂ ನಮಗೆ ಯೂನಿಯನ್ ಸಿಟಿ ಹೊಸದು. ಮಂಡ್ಯದಿಂದ ಬಂದು ಮೂರು ತಿಂಗಳಾಗಿತ್ತು. ನನಗೆ ಎಂಟು ವರ್ಷ, ಇಂಗ್ಲಿಷು ಕಿವಿಗೆ ಬೀಳುತ್ತಿತ್ತೇ ಹೊರತು ಬಾಯಿಗೆ ಬರುತ್ತಿರಲಿಲ್ಲ. ಬೇಸಿಗೆ ರಜೆ ಶುರುವಾಗುವ ಹೊತ್ತಿಗೇ ಅಮ್ಮನಿಗೆ ಸೇತುವೆಯಾಚೆಯ ಫಾಸ್ಟರ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಬೀದಿ ಆಚೆ, ವಯಸ್ಸಾದ ಜಪಾನಿ ಹೆಂಗಸೊಬ್ಬರು ಒಂದು ಡೇಕೇರು ನಡೆಸುತ್ತಿದ್ದರು. ಬೇರೆಲ್ಲೂ ಜಾಗ ಸಿಗದೆ ನನ್ನನ್ನು ಅಲ್ಲಿಗೆ ಹಾಕಿದರು. ಮಕ್ಕಳೆಲ್ಲ ಅವರನ್ನು ಸೆನ್ಸೇ ಎನ್ನುತ್ತಿದ್ದರು, ಅಂದರೆ ಟೀಚರು.

ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ಆದರೆ ಬಿಟ್ಟ ಶೂಗಳನ್ನು ಬಾಗಿಲ ಕಡೆ ಮುಖ ಮಾಡಿಸಿ ಜೋಡಿಸಬೇಕಂತೆ, ಹೊರಡುವಾಗ ಕಾಲು ತೂರಿಸಿದರೆ ಸಾಕು. ಊಟಕ್ಕೆ ಮುಂಚೆ ಎಲ್ಲರೂ ಕೈಮುಗಿದು ಒಂದೇ ದನಿಯಲ್ಲಿ ಏನೋ ಹೇಳಿದರು. ದೇವರ ಫೋಟೋ ಎಲ್ಲಿದೆ ಎಂದು ನಾಲ್ಕೂ ಗೋಡೆ ಹುಡುಕಿದೆ. ಕೈಮುಗಿದದ್ದು ಅನ್ನಕ್ಕೆ ಎಂದು ಆಮೇಲೆ ತಿಳಿಯಿತು. ಅವರ ಡಬ್ಬಿಗಳಲ್ಲಿ ಕ್ಯಾರೆಟ್ಟು ಹೂವಾಗಿ ಕೂತಿತ್ತು. ಅನ್ನಕ್ಕೆ ಸುತ್ತಿದ್ದ ಕಪ್ಪು ಪಾಚಿಯ ಹಾಳೆಯ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡೆ. ಲೋಟದಲ್ಲಿ ಕಂದು ಬಣ್ಣದ್ದೇನೋ ಕೊಟ್ಟರು. ಮನೆಯಲ್ಲಿ ಮಕ್ಕಳಿಗೆ ಕಾಫಿ ಇಲ್ಲ, ಇಲ್ಲಾದರೂ ಸಿಕ್ಕಿತಲ್ಲ ಎಂದು ಗಟಗಟ ಕುಡಿದೆ. ಹುರಿದ ಬಾರ್ಲಿಯ ತಣ್ಣನೆಯ ನೀರು! ಉಗುಳಲಾರದೆ, ನುಂಗಲಾರದೆ ಕೂತ ನನ್ನನ್ನು ನೋಡಿ ಪಕ್ಕದಲ್ಲಿದ್ದ ಹಾನಾ ಬಿದ್ದು ಬಿದ್ದು ನಕ್ಕಳು. ಹಾನಾ ನನಗಿಂತ ಒಂದು ವರ್ಷ ದೊಡ್ಡವಳು, ಎಲ್ಲ ಆಟದಲ್ಲೂ ಮೊದಲು. ನಾನು ಎಲ್ಲದರಲ್ಲೂ ಕೊನೆ.

ಮೂರು ಗಂಟೆಯಾದರೆ ಎಲ್ಲ ಮಕ್ಕಳೂ ಬಟ್ಟೆ ಹಿಂಡಿಕೊಂಡು ಮರದ ನೆಲ ಒರೆಸಬೇಕು. ಎರಡೂ ಅಂಗೈ ಬಟ್ಟೆಯ ಮೇಲೆ, ಅಂಡು ಮೇಲೆ, ಈ ಗೋಡೆಯಿಂದ ಆ ಗೋಡೆಗೆ ಓಟ. ನಾನೋ ಮಂಡ್ಯದ ಅಭ್ಯಾಸದಂತೆ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಸರಿಯುತ್ತ ಒರೆಸಿದೆ. ಓಡಿ ಬಂದ ಹಾನಾ ಡಿಕ್ಕಿ ಹೊಡೆದು ಇಬ್ಬರೂ ಉರುಳಿದೆವು. ಮತ್ತೆ ನಗು. ಆದರೆ ಅಜ್ಜಿಯ ಜೊತೆ ದಿನವೂ ಕೆಂಪು ಸಿಮೆಂಟಿನ ನೆಲ ಒರೆಸಿ ಗಟ್ಟಿಯಾದ ತೊಡೆಗಳು ನನ್ನವು. ನಾಲ್ಕು ದಿನಕ್ಕೆ ಅವರ ವರಸೆ ಹಿಡಿದೆ. ಶುಕ್ರವಾರ ಶುಕ್ರವಾರ ಪಂದ್ಯ ಇರುತ್ತಿತ್ತು. ಎರಡನೇ ಶುಕ್ರವಾರ ಹಾನಾಳ ಹಿಂದೆಯೇ ಗೋಡೆ ಮುಟ್ಟಿದೆ. ಅವಳನ್ನು ಒಂದು ಸಲ ಸೋಲಿಸಲೇಬೇಕು ಎಂಬ ಹಟ ಹತ್ತಿತು. ಈ ದೇಶದಲ್ಲಿ ನನ್ನಿಂದ ಆಗುವಂಥದ್ದು ಅದೊಂದೇ ಎನಿಸಿತ್ತು.

ಮುಂದಿನ ಗುರುವಾರ ಸಂಜೆ ಅಪ್ಪನ ಹಳೇ ಬನಿಯನ್ನು ಒದ್ದೆ ಮಾಡಿ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಮ್ಮನ ಕೈಗೆ ಸಿಕ್ಕಿಬಿದ್ದೆ.

"ಏನೇ ಇದು ಅವತಾರ?"

"ಸೆನ್ಸೇ ಹತ್ರ ದಿನಾ ಮಾಡ್ತೀವಮ್ಮ."

"ನಿನ್ನ ಕೈಲಿ ನೆಲ ಒರೆಸ್ತಾರಾ? ಇದಕ್ಕಾ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು? ನಾಳೆ ಬಂದು ಆಯಮ್ಮನ್ನ ಕೇಳೇಬಿಡ್ತೀನಿ. ನಾಳೆಗೇ ಲಾಸ್ಟು!"

ಅಳುತ್ತ ಮಲಗಿದೆ. ಗೆಲ್ಲಲು ನನಗಿದ್ದದ್ದು ಇನ್ನೊಂದೇ ಶುಕ್ರವಾರ.

ಅಮ್ಮ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಮುಖ ಗಂಟಿಕ್ಕಿಕೊಂಡು ಬಂದಾಗ ನಾನೂ ಹಾನಾಳೂ ಗೋಡೆಗೆ ಹಿಮ್ಮಡಿ ಕೊಟ್ಟು ಬಗ್ಗಿದ್ದೆವು. ಅಮ್ಮ ಜಗಳಕ್ಕೆಂದು ಸೆನ್ಸೇಯನ್ನು ಹುಡುಕಿದಳು. ಎಪ್ಪತ್ತರ ಸೆನ್ಸೇ ತಲೆಗೆ ಬಿಳಿ ಬಟ್ಟೆ ಕಟ್ಟಿ, ಮಂಡಿಯೂರಿ, ಮಕ್ಕಳ ಕಕ್ಕಸಿನ ನೆಲ ತಿಕ್ಕುತ್ತಿದ್ದರು. ಅಮ್ಮ ಬಾಗಿಲಿನಿಂದಲೇ ಹಿಂದಕ್ಕೆ ಬಂದು ನಮ್ಮ ಕಡೆ ತಿರುಗಿ ನಿಂತಳು. ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನಾವು ಹೊರಟೆವು.

ಅರ್ಧ ದಾರಿಗೆ ಹಾನಾ ಒಂದು ಮೊಳ ಮುಂದಿದ್ದಳು. ಆಗ ಕೇಳಿಸಿತು, ಇಲ್ಲಿಗೆ ಬಂದಂದಿನಿಂದ ಬೆಂಗಳೂರಿನವರ ಹಾಗೆ ನಾಜೂಕಾಗಿ ಮಾತಾಡುತ್ತಿದ್ದ ನನ್ನಮ್ಮನ ಕೂಗು.

"ಬುಡಬ್ಯಾಡ ಕಣ್ಮಗ! ನುಗ್ಗು! ನುಗ್ಗು!"

ನುಗ್ಗಿದೆ. ನನ್ನ ಕೈ ಗೋಡೆಗೆ ಬಡಿದ ಮೇಲೆ ಹಾನಾಳ ಕೈ ಬಡಿಯಿತು. ಗೆದ್ದೆ! ಮಕ್ಕಳೆಲ್ಲ ನನ್ನ ಹೆಸರು ಹಿಡಿದು ಕೂಗಿದರು. ಆ ಊರಿನಲ್ಲಿ ನನ್ನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದದ್ದು ಅದೇ ಮೊದಲು, ಕುಣಿದುಬಿಟ್ಟೆ. ಹಾನಾ ಏದುಸಿರು ಬಿಡುತ್ತ ಸೊಂಟ ಬಗ್ಗಿಸಿ ನಮಸ್ಕರಿಸಿದಳು. "ನೆಕ್ಸ್ಟ್ ಫ್ರೈಡೇ," ಎಂದಳು.

ನೆಕ್ಸ್ಟ್ ಫ್ರೈಡೇ ನನಗಿದೆಯೋ ಇಲ್ಲವೋ ಎಂದು ಅಮ್ಮನ ಮುಖ ನೋಡಿದೆ. ಅವಳು ಶರ್ಟಿನ ತೋಳು ಮಡಚಿ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡಳು.

"ಮೂಲೆ ಹಂಗೇ ಬಿಟ್ಟಿದೀಯಲ್ಲೇ, ನೋಡಿದೋರು ಏನಂತಾರೆ?" ಎಂದು ತಾನೇ ಕುಕ್ಕರಗಾಲಲ್ಲಿ ಕೂತು ತಿಕ್ಕತೊಡಗಿದಳು. ಸೆನ್ಸೇ ಬಂದು ಬಗ್ಗಿ ವಂದಿಸಿದರು. ಅಮ್ಮ ಒದ್ದೆ ಕೈಯಲ್ಲೇ ಕೈಮುಗಿದಳು. ಬೇಸಿಗೆ ಮುಗಿಯುವವರೆಗೂ ನಾನು ಅಲ್ಲಿಗೇ ಹೋದೆ.

ಈಗ ಆ ಡೇಕೇರು ಇದ್ದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ರೆಡ್‌ವುಡ್ ಸಿಟಿಯ ನನ್ನ ಮನೆಯ ನೆಲವನ್ನು ದುಂಡನೆಯ ಯಂತ್ರವೊಂದು ಒರೆಸುತ್ತದೆ. ಅದಕ್ಕೆಲ್ಲ ನನಗೆ ಅಂಥ ಬೇಸರವೇನಿಲ್ಲ. ಅಮ್ಮ ಈ ಊರಿನ ರೀತಿನೀತಿಯನ್ನು ಚೆನ್ನಾಗಿ ಕಲಿತುಬಿಟ್ಟಿದ್ದಾಳೆ. ಶನಿವಾರದ ಸಾಕರ್ ಮ್ಯಾಚಿನಲ್ಲಿ ನನ್ನ ಮಗಳು ಗೋಲು ಹೊಡೆದರೆ ಮಡಚುವ ಕುರ್ಚಿಯಲ್ಲಿ ಕೂತು ಮೆಲ್ಲಗೆ ಚಪ್ಪಾಳೆ ತಟ್ಟಿ, "ಗುಡ್ ಜಾಬ್, ಸ್ವೀಟೀ," ಅನ್ನುತ್ತಾಳೆ. ನಾನೂ ಆಮೇಲೆ ಎಷ್ಟೋ ಕಡೆ ಗೆದ್ದಿದ್ದೇನೆ, ಮುಂದೆಯೂ ಗೆಲ್ಲುತ್ತೇನೆ. ನುಗ್ಗು ಎಂದು ಹಾಗೆ ಮಾತ್ರ ಮತ್ತೆ ಯಾರೂ ಕೂಗಲಿಲ್ಲ, ಅಮ್ಮನೂ ಕೂಗಲಿಲ್ಲ.