ನಡುಗಡ್ಡೆಯ ಜನರನ್ನು ಎಣಿಸಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ನಾಲ್ಕೂ ಕಡೆ ನೀರಿತ್ತು. ಗೋವಿನಕೋವಿಯ ಹತ್ತಿರ ಹೊಳೆ ಎರಡಾಗಿ ಹರಿದು ಮತ್ತೆ ಕೂಡುವ ಕಡೆ ಒಂದು ನಡುಗಡ್ಡೆ. ಅದರ ಮೇಲೆ ಒಂಬತ್ತು ಮನೆ. ನಮ್ಮ ಮುತ್ತಜ್ಜ ಒಂದು ಬೇಸಿಗೆಯಲ್ಲಿ ಜಗಳೂರು ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು, ಗಡ್ಡೆಯ ಮೆಕ್ಕಲು ಮಣ್ಣು ನೋಡಿ ಅಲ್ಲೇ ಗುಡಿಸಲು ಹಾಕಿದನಂತೆ. ಆಮೇಲೆ ತಮ್ಮಂದಿರು ಬಂದರು, ಬೀಗರು ಬಂದರು. ಕಲ್ಲಂಗಡಿ, ಮೆಣಸಿನಕಾಯಿ, ಬದನೆ ಬೆಳೆದು ತೆಪ್ಪದಲ್ಲಿ ದಡಕ್ಕೆ ಸಾಗಿಸುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಏರಿದರೆ ವಾರಗಟ್ಟಲೆ ನಮ್ಮ ಪಾಡಿಗೆ ನಾವು.

ಒಂದು ವರ್ಷ ಚಳಿ ಇಳಿಯುವ ಹೊತ್ತಿಗೆ ಜನಗಣತಿ ಬಂತು. ಅದರ ಹಿಂದಿನ ಸಲ ಬರೆಯುವವರು ಹೊಳೆ ದಾಟಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಗಡ್ಡೆಯ ಮೇಲೆ ಯಾರೂ ಇರಲಿಲ್ಲ. ಜನ ಇದ್ದಾರೆಂದು ಗೊತ್ತಾದರೆ ಶಾಲೆ ಕೊಡುತ್ತಾರೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಅದಕ್ಕೇ ಅವತ್ತು ಬೆಳಿಗ್ಗೆ ಅಪ್ಪನೇ ತೆಪ್ಪ ಹಾಕಿಕೊಂಡು ಹೋಗಿ, ಗಣತಿ ಬರೆಯಲು ಬಂದಿದ್ದ ಶಾಲೆಯ ಮೇಷ್ಟ್ರನ್ನು ಕರೆತಂದ.

ಮೇಷ್ಟ್ರ ಪ್ಯಾಂಟು ಮೊಣಕಾಲತನಕ ಒದ್ದೆಯಾಗಿತ್ತು. ಅವರು ದೊಡ್ಡ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಮನೆಮನೆಯ ಜಗಲಿಯಲ್ಲಿ ಕೂತು ಬರೆದರು. ಅಪ್ಪ ಅವರ ಜೊತೆಗೇ ನಡೆದ. ತೊಟ್ಟಿಲಲ್ಲಿದ್ದ ಹದಿನೈದು ದಿನದ ಕೂಸನ್ನೂ ಬಿಡದೆ ತೋರಿಸಿದ. "ಇದಕ್ಕಿನ್ನೂ ಹೆಸರಿಟ್ಟಿಲ್ಲ, ಆದ್ರೂ ಬರ್ಕಳ್ರಿ," ಎಂದ.

ಕೊನೆಗೆ ನಮ್ಮ ಮನೆ. ಅವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಅಪ್ಪ ತನ್ನ ಹೆಸರು, ಅವ್ವನ ಹೆಸರು, ನನ್ನ ಹೆಸರು ಹೇಳಿ ನಿಲ್ಲಿಸಿದ. ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಕ್ಕನನ್ನು ಮೇಷ್ಟ್ರು ನೋಡಿದ್ದರು.

"ಒಳಗಿರೋರು ಯಾರು?" ಎಂದರು.

"ದೊಡ್ಡ ಮಗಳು. ಲಗ್ನ ಆಗೈತೆ. ಹಬ್ಬಕ್ಕೆ ಬಂದಾಳೆ, ಹೋಗ್ತಾಳೆ," ಎಂದ ಅಪ್ಪ.

"ಬಂದು ಎಷ್ಟು ದಿನ ಆತು?"

ಅಪ್ಪ ರೊಟ್ಟಿಯ ತಟ್ಟೆಯನ್ನು ಮೇಷ್ಟ್ರ ಕಡೆ ಸರಿಸಿದ. ಗಂಡನ ಮನೆಯಲ್ಲಿ ಅಕ್ಕನಿಗೆ ಹೊಡೆಯುತ್ತಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವಳು ಇವತ್ತಲ್ಲ ನಾಳೆ ಹೋಗುತ್ತಾಳೆ ಎಂದೇ ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಎಂಟು ತಿಂಗಳಾತು ಸಾರ್. ನಾನು ಅಲ್ಲಿಗೆ ಹೋಗಲ್ಲ. ನನ್ನ ಇಲ್ಲೇ ಬರ್ಕಳ್ರಿ."

ಮೇಷ್ಟ್ರು ಪೆನ್ನು ಎತ್ತಿ ಹಿಡಿದು ಅಪ್ಪನ ಮುಖ ನೋಡಿದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಒಳಗೆ ಹೋಗಲಿಲ್ಲ. ನನಗೆ ಅಪ್ಪ ಬೈಯುತ್ತಾನೆಂದು ಹೆದರಿಕೆಯಾಗಿತ್ತು. ಅಪ್ಪ ಹೊಳೆಯ ಕಡೆ ತಿರುಗಿದ.

"ಅವಳು ಹೇಳ್ದಂಗೆ ಬರ್ಕಳ್ರಿ ಮೇಷ್ಟ್ರೇ," ಎಂದ. ದನಿ ಸಣ್ಣಗಿತ್ತು.

ಅಕ್ಕ ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಗಡ್ಡೆಯ ಮೇಲೆ ತನ್ನದೇ ಒಂದು ಮಡಿ ಮಾಡಿ ಮೆಣಸಿನಗಿಡ ಹಾಕಿದಳು. ಕಾಯನ್ನು ತಾನೇ ಹೊನ್ನಾಳಿ ಸಂತೆಗೆ ಒಯ್ದು ಮಾರಿದಳು. ಶಾಲೆ ಮಾತ್ರ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಹೊಳೆ ಉಕ್ಕಿ ಬಂದು ಮನೆಗಳೆಲ್ಲ ಬಿದ್ದವು. ಒಂಬತ್ತು ಮನೆಯವರೂ ಈಚೆ ದಡಕ್ಕೆ ಬಂದೆವು. ಈಗ ಗಡ್ಡೆಯ ಮೇಲೆ ಬರೀ ಜಾಲಿಗಿಡ.

ಮೊನ್ನೆ ಮೊಬೈಲ್ ಹಿಡಿದುಕೊಂಡು ಸಮೀಕ್ಷೆಯವರು ನಮ್ಮ ಮನೆಗೆ ಬಂದಿದ್ದರಲ್ಲ, ಮಕ್ಕಳೇ. ನೀವು ಟೀವಿಯಿಂದ ಕಣ್ಣು ತೆಗೆಯದೆ ನಿಮ್ಮ ಹೆಸರು, ವಯಸ್ಸು, ಊರು ಹೇಳಿಬಿಟ್ಟಿರಿ. ಅಷ್ಟು ಸಲೀಸಾಗಿ ಹೇಳಿದ್ದು ಕಂಡು ನನಗೆ ಸಂತೋಷವೇ ಆಯಿತು. "ನಾನು ಈ ಮನೆಯವಳು" ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ನನ್ನ ಅಕ್ಕನಿಗೆ ಎಂಟು ತಿಂಗಳು ಹಿಡಿದಿತ್ತು.